ಅಕ್ಕನಿಗೆ ಬ್ಲಡ್, ತಮ್ಮನಿಗೆ ಪಂಪು: ಎರಡು ಕಾಯಿಲೆಗಳ ಮನೆ ನಡೆಸುವ ಬಗೆ

ಬ್ಲಡ್ ಹಾಕಿಸುವ ದಿನ ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಅಜ್ಜಿ ಎರಡು ದಿನ ಮೊದಲೇ ಕೇಳಿರುತ್ತಾರೆ, ಅಪ್ಪ ರಜೆ ಹಾಕಿರುತ್ತಾರೆ. ಚಿಕ್ಕವನ ಅಸ್ತಮಾದ ಪಂಪು (ಇನ್‌ಹೇಲರ್) ಹದಿನೈದು ದಿನದ ಹಿಂದೆಯೇ ಖಾಲಿಯಾಗಿದ್ದು ಮಾತ್ರ ರಾತ್ರಿ ಎರಡು ಗಂಟೆಗೆ ಅವನು ಉಸಿರಿಗೆ ಒದ್ದಾಡುವಾಗ ಗೊತ್ತಾಗುತ್ತದೆ. ಒಂದೇ ಸೂರಿನಡಿ ಇಬ್ಬರು ಮಕ್ಕಳಿಗೆ ಎರಡು ಬೇರೆ ಕಾಯಿಲೆ ಇದ್ದರೆ ಆಗುವುದೇ ಹೀಗೆ. ಸದ್ದು ಮಾಡುವ ಕಾಯಿಲೆ ಸುಮ್ಮನಿರುವ ಕಾಯಿಲೆಯ ಪಾಲಿನ ಗಮನವನ್ನೂ ತಿಂದುಬಿಡುತ್ತದೆ.

ಲೆಕ್ಕ ಹೇಳಲು ಅನುಕೂಲವಾಗಲೆಂದು ಒಂದು ಮನೆ ಇಟ್ಟುಕೊಳ್ಳೋಣ. ಅಕ್ಕನಿಗೆ ಎಂಟು ವರ್ಷ, ತೂಕ 22 ಕೆಜಿ, ಥಲಸ್ಸೇಮಿಯಾ ಮೇಜರ್ (ದೇಹ ಸರಿಯಾಗಿ ಹಿಮೋಗ್ಲೋಬಿನ್ ಮಾಡಿಕೊಳ್ಳದ, ಹುಟ್ಟಿನಿಂದ ಬರುವ ಕಾಯಿಲೆ), ಮೂರು ವಾರಕ್ಕೊಮ್ಮೆ ರಕ್ತ. ತಮ್ಮನಿಗೆ ನಾಲ್ಕೂವರೆ, 15 ಕೆಜಿ, ಅಸ್ತಮಾ, ದಿನಾ ಪಂಪು. ಯಾವ ಔಷಧ, ಎಷ್ಟು ಡೋಸು ಎನ್ನುವುದು ನಿಮ್ಮ ಡಾಕ್ಟರ್ ಹೇಳಿದಂತೆಯೇ ನಡೆಯಬೇಕು. ಇಲ್ಲಿ ಹೇಳುತ್ತಿರುವುದು ಅದನ್ನು ಮನೆಯಲ್ಲಿ ತಪ್ಪಿಲ್ಲದೆ ನಡೆಸುವ ಕೆಲಸ.

ಮೊದಲು ಫೈಲು

ಇಬ್ಬರ ಕಾಗದವೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಇವತ್ತೇ ಬೇರೆ ಮಾಡಿ. ಬಣ್ಣ ಬೇರೆಯಿರುವ ಎರಡು ಫೈಲು, ಮುಖಪುಟದ ಮೇಲೆ ದಪ್ಪ ಮಾರ್ಕರಿನಲ್ಲಿ ಹೆಸರು, ಹುಟ್ಟಿದ ದಿನ, ಆಸ್ಪತ್ರೆಯ ನಂಬರು, ರಕ್ತದ ಗುಂಪು, ಯಾವ ಔಷಧ ಆಗುವುದಿಲ್ಲ ಎಂಬುದು. ಅತಿ ಶಿಸ್ತು ಅನ್ನಿಸಬಹುದು, ಆದರೆ ಒಡಹುಟ್ಟಿದವರ ವಿಷಯದಲ್ಲಿ ಅಪಾಯ ನಿಜವಾದದ್ದು: ತಂದೆಯ ಹೆಸರು ಒಂದೇ, ಇನಿಷಿಯಲ್ ಒಂದೇ, ವಿಳಾಸ, ಫೋನ್ ನಂಬರೂ ಒಂದೇ. ಮೇಲೆ ರಕ್ಷಿತ್–ರಕ್ಷಿತಾ ಎಂದು ಜೋಡಿ ಹೆಸರು ಇಟ್ಟಿದ್ದರಂತೂ ಮುಗಿಯಿತು. ಕೌಂಟರಿನಲ್ಲಿ ಫೋನ್ ನಂಬರು ಹೊಡೆದರೆ ಇಬ್ಬರ ಹೆಸರೂ ಬರುತ್ತದೆ, ಅವಸರದಲ್ಲಿರುವವರು ಮೇಲಿನದನ್ನು ಒತ್ತುತ್ತಾರೆ. ಆದ್ದರಿಂದ ಕ್ರಾಸ್ ಮ್ಯಾಚಿಗೆ (ದಾನಿಯ ರಕ್ತ ಮಗುವಿನ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ರಕ್ತ ತೆಗೆದಾಗ, ಟ್ಯೂಬಿನ ಮೇಲೆ ಮಗುವಿನ ಪಕ್ಕದಲ್ಲೇ ಹೆಸರು ಬರೆದದ್ದನ್ನು ನೋಡಿ, ಆಸ್ಪತ್ರೆಯ ನಂಬರನ್ನು ಓದಿ ಹೇಳಿಸಿಕೊಳ್ಳಿ. ಸಿಸ್ಟರಿಗೆ ಕೋಪ ಬಂದರೂ ಪರವಾಗಿಲ್ಲ. ಬಹಳಷ್ಟು ಜನಕ್ಕೆ ಬರುವುದೂ ಇಲ್ಲ.

ಅಕ್ಕನ ಫೈಲಿನ ಮುಂದೆ ಒಂದು ನೋಟ್‌ಬುಕ್ಕು. ಪ್ರತಿ ಸಲ ಒಂದು ಸಾಲು: ದಿನಾಂಕ, ತೂಕ, ಹಾಕಿಸುವ ಮೊದಲಿನ ಹಿಮೋಗ್ಲೋಬಿನ್, ಎಷ್ಟು ಮಿಲಿ, ಬ್ಯಾಗಿನ ನಂಬರು, ಶುರು–ಮುಗಿದ ಹೊತ್ತು, ಚಳಿ ಜ್ವರ ಗಂಧೆ ಏನಾದರೂ ಬಂತೇ. ಮೊದಲಿನ ಹಿಮೋಗ್ಲೋಬಿನ್ ಸಾಮಾನ್ಯವಾಗಿ 9.5ರಿಂದ 10.5ರ ನಡುವೆ ಉಳಿಯುವಂತೆ ನೋಡುತ್ತಾರೆ. ಅದು ಸಾಲಾಗಿ ಮೂರು ಸಲ 8ರ ಆಸುಪಾಸಿಗೆ ಬಂದಿದ್ದರೆ ಅಂತರ ಕಡಿಮೆ ಮಾಡಬೇಕೋ, ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆಯೋ, ರಕ್ತಕ್ಕೆ ಪ್ರತಿಕಾಯ ಬೆಳೆದಿದೆಯೋ ಎಂದು ಡಾಕ್ಟರ್ ಯೋಚಿಸುವುದು ಈ ಸಾಲುಗಳನ್ನು ನೋಡಿಯೇ. ‘ಈ ನಡುವೆ ಬೇಗ ಸುಸ್ತಾಗ್ತಾಳೆ ಸಾರ್’ ಎಂಬ ಮಾತಿಗಿಂತ ಆರು ತಿಂಗಳ ಅಂಕಿಯ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ.

ತಮ್ಮನ ನೋಟ್‌ಬುಕ್ಕು ಚಿಕ್ಕದು. ರಾತ್ರಿ ಕೆಮ್ಮಿ ಎದ್ದ ದಿನ ಒಂದು ಚುಕ್ಕೆ, ನೀಲಿ ಪಂಪು (ಸಾಲ್‌ಬ್ಯುಟಮಾಲ್; ದಿನಾ ಕೊಡುವುದಲ್ಲ, ಉಸಿರು ಕಟ್ಟಿದಾಗ ಕೊಡುವುದು) ಬಳಸಿದ ದಿನ ಒಂದು ಗೀಟು. ವಾರದಲ್ಲಿ ಎರಡಕ್ಕಿಂತ ಹೆಚ್ಚು ದಿನ ಗೀಟು ಬಿದ್ದರೆ ಅಸ್ತಮಾ ಹಿಡಿತದಲ್ಲಿಲ್ಲ ಎಂದೇ ಅರ್ಥ. ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಬ್ಲಡ್ ಹಾಕಿಸುವ ದಿನ

ಆಸ್ಪತ್ರೆಯ ಡೇ ಕೇರಿನಲ್ಲಿ (ರಕ್ತ ಹಾಕಿಸಿಕೊಂಡು ಅದೇ ದಿನ ಮನೆಗೆ ಬರುವ ವಾರ್ಡು) ಎಷ್ಟು ಹೊತ್ತಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಕೆಜಿಗೆ 15 ಮಿಲಿ ಎಂದರೆ 22 ಕೆಜಿಗೆ 330 ಮಿಲಿ. ಗಂಟೆಗೆ ಕೆಜಿಗೆ 5 ಮಿಲಿಯಂತೆ ಬಿಟ್ಟರೆ ಗಂಟೆಗೆ 110 ಮಿಲಿ, ಅಂದರೆ ಸೂಜಿ ಹಾಕಿದ ಮೇಲೆ ಮೂರು ಗಂಟೆ. ಅದಕ್ಕೆ ಹಿಮೋಗ್ಲೋಬಿನ್ ನೋಡಿ, ಕ್ರಾಸ್ ಮ್ಯಾಚ್ ಆಗಿ, ಬ್ಲಡ್ ಬ್ಯಾಂಕಿನಿಂದ ಬ್ಯಾಗು ಬರುವ ಮೂರು–ನಾಲ್ಕು ಗಂಟೆ ಸೇರಿಸಿ. ಹಿಂದಿನ ದಿನವೇ ಸ್ಯಾಂಪಲ್ ಕೊಟ್ಟು ಬಂದರೆ ಈ ಕಾಯುವ ಹೊತ್ತು ಬಹುಪಾಲು ಉಳಿತಾಯವಾಗುತ್ತದೆ. ಆ ಸ್ಯಾಂಪಲ್ಲನ್ನು ಸಾಮಾನ್ಯವಾಗಿ 72 ಗಂಟೆಯವರೆಗೆ ಒಪ್ಪುತ್ತಾರೆ. ಊರಿನ ಲ್ಯಾಬಿನಲ್ಲಿ ಹಿಮೋಗ್ಲೋಬಿನ್ ನೋಡಿಸಿಕೊಂಡು ಹೋಗಬಹುದು, ಕ್ರಾಸ್ ಮ್ಯಾಚ್ ಮಾತ್ರ ರಕ್ತ ಕೊಡುವ ಬ್ಯಾಂಕಿನಲ್ಲೇ ಆಗಬೇಕು.

ಬ್ಯಾಗು ಬಂದಾಗ ನಾಲ್ಕು ವಿಷಯ ನೋಡಿ: ಹೆಸರು ಮತ್ತು ಆಸ್ಪತ್ರೆ ನಂಬರು, ಗುಂಪು, ಬ್ಯಾಗಿನ ನಂಬರು ಚೀಟಿಗೆ ತಾಳೆಯಾಗುತ್ತದೆಯೇ, ಅವಧಿ ಮುಗಿಯುವ ದಿನ. ಹೊರಗೆ ತಂದ ಅರ್ಧ ಗಂಟೆಯೊಳಗೆ ಶುರುವಾಗಬೇಕು, ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಮೊದಲ ಹದಿನೈದು ನಿಮಿಷ ಯಾರೂ ಕಾಫಿಗೆ ಹೋಗಬೇಡಿ. ಬೆನ್ನು ನೋವು, ಚಳಿ, ಮೈ ತುರಿಕೆ, ಉಸಿರು ಕಷ್ಟ, ಕೆಂಪು ಮೂತ್ರ, ಯಾವುದು ಕಂಡರೂ ಕೂಡಲೇ ಸಿಸ್ಟರನ್ನು ಕರೆಯಿರಿ. ಅವರೇ ನಿಲ್ಲಿಸುತ್ತಾರೆ.

ಸೂಜಿಯ ಭಯಕ್ಕೆ ಮರಗಟ್ಟಿಸುವ ಕ್ರೀಮು (ಲಿಡೊಕೇನ್–ಪ್ರಿಲೊಕೇನ್) ಇದೆ. ಚುಚ್ಚುವ ಒಂದು ಗಂಟೆ ಮೊದಲು ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಬೇಕು. ಹತ್ತು ನಿಮಿಷಕ್ಕೆ ಒರೆಸಿದರೆ ಏನೂ ಪ್ರಯೋಜನವಿಲ್ಲ, ಹಾಗೆ ಮಾಡಿಯೇ ‘ಅದು ವರ್ಕ್ ಆಗಲ್ಲ’ ಎನ್ನುವವರು ಬಹಳ. ಎರಡು ಜಾಗಕ್ಕೆ ಹಚ್ಚಿ, ಮೊದಲ ನರ ಸಿಗದಿದ್ದರೆ ಇನ್ನೊಂದಿರಲಿ. ಬೆಳಗ್ಗೆ ಎರಡು ಲೋಟ ನೀರು ಕುಡಿಸಿದರೆ ನರ ಚೆನ್ನಾಗಿ ಸಿಗುತ್ತದೆ.

ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಬೇಕೇ? ಸಾಧ್ಯವಾದರೆ ಬೇಡ. ಜ್ವರ, ಕೆಮ್ಮು ಇರುವ ಮಕ್ಕಳ ನಡುವೆ ಆರು ಗಂಟೆ ಕೂತು ಬಂದರೆ ಅಸ್ತಮಾ ಇರುವವನಿಗೆ ಒಂದು ನೆಗಡಿ ಸಾಕು, ಮುಂದಿನ ಹತ್ತು ದಿನ ವೀಝಿಂಗು. ಆದರೆ ಎಂದೂ ಕರೆದುಕೊಂಡು ಹೋಗದಿದ್ದರೆ ಅವನ ತಲೆಯಲ್ಲಿ ಆ ಜಾಗ ಬೇರೆಯೇ ಆಗಿರುತ್ತದೆ: ಅಕ್ಕ ಅಪ್ಪ ಅಮ್ಮನ ಜೊತೆ ದಿನವಿಡೀ ಹೋಗಿ, ಬಿಸ್ಕತ್ತು, ಜ್ಯೂಸು, ಮೊಬೈಲಿನಲ್ಲಿ ಕಾರ್ಟೂನು ಎಲ್ಲ ಮುಗಿಸಿ ಕೆನ್ನೆ ಕೆಂಪಗೆ ಮಾಡಿಕೊಂಡು ಬರುವ ಜಾತ್ರೆ. ಆರಾಮವಾಗಿರುವ ಒಂದು ದಿನ ಅರ್ಧ ಗಂಟೆ ಕರೆದೊಯ್ದು, ಬೆಡ್ಡು, ಬ್ಯಾಗು, ಟೇಪು ತೋರಿಸಿ ವಾಪಸು ಕಳಿಸಿ. ಸಾಕು.

ಮಕ್ಕಳ ಜಗಳವೆಲ್ಲ ಇರುವುದು ಆ ಜ್ಯೂಸಿನಲ್ಲೇ. ಆಸ್ಪತ್ರೆಯಲ್ಲಿ ಕೊಟ್ಟ ತಿಂಡಿ ಆಸ್ಪತ್ರೆಯಲ್ಲೇ ಮುಗಿಯಲಿ, ಪ್ಯಾಕೆಟ್ಟು ಕೈಯಲ್ಲಿ ಹಿಡಿದು ಮನೆಗೆ ಬರುವುದು ಬೇಡ. ಸೂಜಿಗೆ ಬಹುಮಾನವೆಂದು ಆಟದ ಸಾಮಾನು ಕೊಡಿಸುವ ಅಭ್ಯಾಸ ಇನ್ನೂ ಶುರುವಾಗಿಲ್ಲದಿದ್ದರೆ ಶುರು ಮಾಡಬೇಡಿ. ಮೂರು ವಾರಕ್ಕೊಂದು ಎಂದರೆ ವರ್ಷಕ್ಕೆ ಹದಿನೇಳು, ನಿಲ್ಲಿಸುವ ದಿನವೇ ಬರುವುದಿಲ್ಲ. ಬದಲಿಗೆ ಅದೇ ದಿನ ಸಂಜೆ ಇಪ್ಪತ್ತು ನಿಮಿಷ ಚಿಕ್ಕವನದ್ದು. ಅಪ್ಪನೋ ಅಮ್ಮನೋ ಒಬ್ಬರೇ, ಫೋನು ಒಳಗಿಟ್ಟು, ಅವನು ಹೇಳಿದ ಆಟ. ವಾರಾಂತ್ಯದಲ್ಲಿ ದೊಡ್ಡದಾಗಿ ಏನೋ ಮಾಡುತ್ತೇವೆ ಎಂಬ ಮಾತಿಗಿಂತ ಮಕ್ಕಳು ಇದನ್ನು ನಂಬುತ್ತಾರೆ, ಏಕೆಂದರೆ ಇದು ತಪ್ಪುವುದಿಲ್ಲ.

ಕಬ್ಬಿಣ: ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ವಿಷ

ಇಬ್ಬರ ಕಾಯಿಲೆಗಳು ನೇರವಾಗಿ ಡಿಕ್ಕಿ ಹೊಡೆಯುವುದು ಇಲ್ಲಿ. ಒಂದು ಬ್ಯಾಗು ರಕ್ತದಲ್ಲಿ ಸುಮಾರು 200 ಮಿಗ್ರಾಂ ಕಬ್ಬಿಣ ಇರುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಕೂರುತ್ತದೆ. ಹತ್ತರಿಂದ ಇಪ್ಪತ್ತು ಸಲ ರಕ್ತ ಹಾಕಿಸಿದ ಮೇಲೆ, ಅಥವಾ ಫೆರಿಟಿನ್ (ದೇಹದಲ್ಲಿ ಕೂತ ಕಬ್ಬಿಣ ಎಷ್ಟೆಂದು ತೋರಿಸುವ ರಕ್ತಪರೀಕ್ಷೆ) 1000 ದಾಟಿದಾಗ ಕಬ್ಬಿಣ ಇಳಿಸುವ ಮಾತ್ರೆ ಶುರು ಮಾಡುವುದು ಇದಕ್ಕೇ. ಅದೇ ಮನೆಯಲ್ಲಿ ತಮ್ಮನಿಗೆ ‘ರಕ್ತ ಕಡಿಮೆ’ ಎಂದು ಐರನ್ ಸಿರಪ್ಪು ಬರೆದಿದ್ದರೆ ಬಾಟಲಿ ಅಕ್ಕನ ಕೈಗೆ ಸಿಗದ ಎತ್ತರದಲ್ಲಿ, ಬೇರೆ ಡಬ್ಬಿಯಲ್ಲಿರಬೇಕು. ಅಜ್ಜಿಗೂ ಹೇಳಿರಬೇಕು. ‘ರಕ್ತದ ಕಾಯಿಲೆ ಅಂದ್ಮೇಲೆ ರಕ್ತ ಹೆಚ್ಚಿಸೋ ಟಾನಿಕ್ಕು ಒಳ್ಳೇದಲ್ವಾ’ ಎಂಬ ಅವರ ಪ್ರಶ್ನೆಯಲ್ಲಿ ತರ್ಕವಿದೆ, ಉತ್ತರವನ್ನು ತಾಳ್ಮೆಯಿಂದ ಕೊಡಿ.

ತಮ್ಮನಿಗೆ ಆ ಸಿರಪ್ಪು ಬೇಕೇ ಎಂಬುದೂ ಪ್ರಶ್ನೆಯೇ. ತಂದೆ ತಾಯಿ ಇಬ್ಬರೂ ಥಲಸ್ಸೇಮಿಯಾ ಮೈನರ್ (ಕಾಯಿಲೆಯ ಒಂದೇ ಜೀನ್ ಇರುವ ವಾಹಕರು) ಆಗಿರುವುದರಿಂದ ಕಾಯಿಲೆಯಿಲ್ಲದ ಒಡಹುಟ್ಟಿದವರು ಮೈನರ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಮೈನರಿನಲ್ಲಿಯೂ ಹಿಮೋಗ್ಲೋಬಿನ್ ತುಸು ಕಡಿಮೆ, ರಕ್ತಕಣ ಚಿಕ್ಕದಾಗಿ ಕಾಣುತ್ತದೆ. ಅದನ್ನು ಕಬ್ಬಿಣದ ಕೊರತೆಯೆಂದು ತಿಳಿದು ತಿಂಗಳುಗಟ್ಟಲೆ ಸಿರಪ್ಪು ಕುಡಿಸುವುದುಂಟು. ಒಮ್ಮೆ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ನೋಡುವ) ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಎ2 ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ಮೈನರ್ ಎಂಬ ಸೂಚನೆ. ಜೊತೆಗೆ ಫೆರಿಟಿನ್ ನೋಡಿ, ನಿಜವಾಗಿ ಕೊರತೆ ಇದ್ದರೆ ಮಾತ್ರ ಸಿರಪ್ಪು. ಈ ವರದಿಯನ್ನು ಅವನ ಫೈಲಿನಲ್ಲಿ ಜೋಪಾನ ಮಾಡಿ, ಮದುವೆಯ ಮಾತು ಬಂದಾಗ ಬೇಕಾಗುತ್ತದೆ. ನಮ್ಮಲ್ಲಿ ಸೋದರಮಾವ, ಅತ್ತೆ ಮಗಳು ಎಂದು ಸಂಬಂಧದೊಳಗೆ ಕೊಡುವ ಮನೆಗಳಲ್ಲಿ ಇನ್ನಷ್ಟು ಬೇಕಾಗುತ್ತದೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಐರನ್ ಮಾತ್ರೆ ಕೊಡುತ್ತಾರೆ. ಐದರಿಂದ ಒಂಬತ್ತು ವರ್ಷದವರಿಗೆ ಗುಲಾಬಿ ಬಣ್ಣದ್ದು, ಹತ್ತು ದಾಟಿದವರಿಗೆ ನೀಲಿ. ಅಕ್ಕನಿಗೆ ಅದು ಬೇಡವೆಂದು ಪ್ರತಿ ಜೂನಿನಲ್ಲಿ, ಹೊಸ ಕ್ಲಾಸ್ ಟೀಚರಿಗೆ, ಡಾಕ್ಟರ ಸಹಿ ಇರುವ ಚೀಟಿ ಕೊಡಿ. ಹೋದ ವರ್ಷ ಕೊಟ್ಟಿದ್ದೆವಲ್ಲ ಎಂದು ಬಿಟ್ಟರೆ ಹೊಸ ಟೀಚರಿಗೆ ಗೊತ್ತೇ ಇರುವುದಿಲ್ಲ. ಮಗುವಿಗೂ ಹೇಳಿಕೊಡಿ: ‘ಮಿಸ್, ನಾನು ಬ್ಲಡ್ ಹಾಕಿಸ್ಕೋತೀನಿ, ನಂಗೆ ಈ ಮಾತ್ರೆ ಬೇಡ.’ ಫೆಬ್ರವರಿ, ಆಗಸ್ಟಿನಲ್ಲಿ ಕೊಡುವ ಜಂತುಹುಳದ ಮಾತ್ರೆ ಬೇರೆಯದು, ಅದರಲ್ಲಿ ಕಬ್ಬಿಣ ಇಲ್ಲ. ಎರಡನ್ನೂ ಒಂದೇ ಎಂದು ಬೇಡವೆನ್ನಬೇಡಿ.

ನೆಗಡಿಗೆಂದು ತಮ್ಮನಿಗೆ ತಂದ ಕಿತ್ತಳೆ ರುಚಿಯ ವಿಟಮಿನ್ ಸಿ ಮಾತ್ರೆ ಅಕ್ಕನಿಗೆ ಚಾಕೊಲೇಟಿನಂತೆ ಕಾಣುತ್ತದೆ. ವಿಟಮಿನ್ ಸಿ ಕಬ್ಬಿಣವನ್ನು ಹೆಚ್ಚು ಹೀರಿಸುತ್ತದೆ, ಡಾಕ್ಟರ್ ಹೇಳದೆ ಅವಳಿಗೆ ಬೇಡ. ಹಣ್ಣು ತಿನ್ನಲು ಅಡ್ಡಿಯಿಲ್ಲ.

ಕಬ್ಬಿಣ ಇಳಿಸುವ ಮಾತ್ರೆ, ಲೋಟದ ಮುಂದೆ

ಡಿಫೆರಾಸಿರಾಕ್ಸ್ ಕರಗಿಸಿ ಕುಡಿಯುವ ಮಾತ್ರೆಯಾದರೆ: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮೊದಲು, ದಿನಾ ಅದೇ ಹೊತ್ತಿಗೆ. ಲೋಟದಲ್ಲಿ ಸುಮಾರು 100 ಮಿಲಿ ನೀರು, ಮಾತ್ರೆ ಹಾಕಿ ನಿಧಾನ ಕದಡಿ. ಪೂರ್ತಿ ಕರಗಿ ತಿಳಿಯಾಗುವುದಿಲ್ಲ, ಸುಣ್ಣ ಕದಡಿದ ನೀರಿನಂತೆ ಮಬ್ಬಾಗಿ ನಿಲ್ಲುತ್ತದೆ, ಅಷ್ಟೇ ಬೇಕಾದದ್ದು. ಕುಡಿದ ಮೇಲೆ ತಳದಲ್ಲಿ ಬಿಳಿ ಪುಡಿ ಉಳಿದಿರುತ್ತದೆ. ಎರಡು ಚಮಚ ನೀರು ಹಾಕಿ ಕುಲುಕಿ ಅದನ್ನೂ ಕುಡಿಸಿ. ದಿನಾ ತಳದಲ್ಲೇ ಬಿಟ್ಟರೆ ಔಷಧದ ಒಂದು ಪಾಲು ಸಿಂಕಿಗೆ ಹೋಗುತ್ತದೆ, ಮೂರು ತಿಂಗಳ ಬಳಿಕ ಫೆರಿಟಿನ್ ಇಳಿದಿಲ್ಲವೆಂದು ಡಾಕ್ಟರ್ ಡೋಸು ಏರಿಸುತ್ತಾರೆ. ಹಾಲು, ಸೋಡಾದಲ್ಲಿ ಕದಡಬೇಡಿ: ನೊರೆ ಬರುತ್ತದೆ, ಕರಗುವುದೂ ನಿಧಾನ. ಸೇಬಿನ ಅಥವಾ ಕಿತ್ತಳೆ ರಸ ನಡೆಯುತ್ತದೆ.

ಮೆಡಿಕಲ್ ಶಾಪಿನಲ್ಲಿ ‘ಅದೇ ಔಷಧ, ಬೇರೆ ಕಂಪನಿ’ ಎಂದು ನುಂಗುವ ಮಾತ್ರೆ ಕೊಟ್ಟರೆ ನಿಲ್ಲಿ. ನುಂಗುವ ಬಗೆಗೂ ಕರಗಿಸುವ ಬಗೆಗೂ ಮಿಗ್ರಾಂ ಸಮ ಅಲ್ಲ. ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ. ಮಗುವಿಗೆ ವಾಂತಿ ಭೇದಿಯಾಗಿ ನೀರಿನಂಶ ಕಳೆದುಕೊಂಡಿದ್ದರೂ ಡಾಕ್ಟರಿಗೆ ಫೋನ್ ಮಾಡಿ, ಮೂತ್ರಪಿಂಡಕ್ಕೆ ಹೊರೆಯಾಗದಂತೆ ನಡುವೆ ನಿಲ್ಲಿಸಲು ಹೇಳಬಹುದು.

ಡಿಫೆರಿಪ್ರೋನ್ ಆದರೆ ಬೇರೆ ಎಚ್ಚರ. ಅದು ಕೆಲವರಲ್ಲಿ ಬಿಳಿರಕ್ತಕಣವನ್ನು ಇದ್ದಕ್ಕಿದ್ದಂತೆ ಇಳಿಸುತ್ತದೆ. ಜ್ವರ, ಗಂಟಲು ನೋವು ಬಂದ ಕ್ಷಣ ಮಾತ್ರೆ ನಿಲ್ಲಿಸಿ, ಅದೇ ದಿನ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ಮೂತ್ರ ಕೆಂಪು–ಕಂದಾಗುವುದು ಆ ಔಷಧದ ಗುಣ, ಹೆದರಬೇಡಿ. ಗುಲ್ಮ ತೆಗೆಸಿರುವ ಮಗುವಿಗೆ ಜ್ವರ ಬಂದರೆ ಬೆಳಗಾಗಲಿ ಎನ್ನುವಂತಿಲ್ಲ, ಆಗಲೇ ಹೊರಡಬೇಕು.

ಪಂಪು, ಸ್ಪೇಸರು

ತಮ್ಮನ ಪಂಪು ನಿಂತುಹೋಗುವುದಕ್ಕೆ ಎರಡು ಕಾರಣ. ‘ಈಗ ಚೆನ್ನಾಗಿದ್ದಾನಲ್ಲ’ ಎಂಬುದು ಒಂದು. ಚೆನ್ನಾಗಿರುವುದು ಆ ಪಂಪಿನಿಂದಲೇ. ಇನ್ನೊಂದು, ಡಬ್ಬಿ ಖಾಲಿಯಾಗಿದ್ದು ಗೊತ್ತಾಗದಿರುವುದು. 200 ಪಫ್ಫು ಮುಗಿದ ಮೇಲೂ ಒತ್ತಿದರೆ ಬುಸ್ ಎನ್ನುತ್ತದೆ, ಬರುವುದು ಬರೀ ಗಾಳಿ. ನೀರಿನಲ್ಲಿ ತೇಲಿಸಿ ನೋಡುವ ಹಳೇ ಉಪಾಯ ನಂಬುವಂಥದ್ದಲ್ಲ. ಬೆಳಗ್ಗೆ ಎರಡು, ಸಂಜೆ ಎರಡು ಎಂದರೆ ದಿನಕ್ಕೆ ನಾಲ್ಕು, 200 ಪಫ್ಫು ಐವತ್ತು ದಿನ. ಜೂನ್ 1ಕ್ಕೆ ತೆರೆದರೆ ಜುಲೈ 20ಕ್ಕೆ ಮುಗಿಯಿತು. ತೆರೆದ ದಿನವೇ ಮುಗಿಯುವ ದಿನವನ್ನು ಮಾರ್ಕರಿನಲ್ಲಿ ಡಬ್ಬಿಯ ಮೇಲೆ ಬರೆಯಿರಿ.

ಕೊಡುವ ಕ್ರಮ: ಪಂಪು ಚೆನ್ನಾಗಿ ಕುಲುಕಿ, ಸ್ಪೇಸರಿಗೆ (ತುದಿಯಲ್ಲಿ ಮಾಸ್ಕ್ ಇರುವ ಪ್ಲಾಸ್ಟಿಕ್ ಕೊಳವೆ) ಸಿಕ್ಕಿಸಿ, ಮಾಸ್ಕು ಮೂಗು ಬಾಯಿಗೆ ಗಾಳಿ ಸೋರದಂತೆ ಒತ್ತಿ. ಒಂದು ಸಲ ಒತ್ತಿ, ಐದಾರು ಉಸಿರು ಎಣಿಸಿ. ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಎರಡನೆಯದು. ಎರಡೂ ಪಫ್ಫನ್ನು ಒಟ್ಟಿಗೆ ಹೊಡೆದರೆ ಹನಿಗಳು ಒಂದಕ್ಕೊಂದು ಅಂಟಿ ಸ್ಪೇಸರಿನ ಗೋಡೆಗೇ ಹೋಗುತ್ತವೆ. ಅಳುವಾಗ ಕೊಟ್ಟರೂ ಔಷಧ ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆ. ಸ್ಟಿರಾಯ್ಡ್ ಪಂಪಿನ ಬಳಿಕ ಬಾಯಿ ಮುಕ್ಕಳಿಸಲಿ, ಮಾಸ್ಕ್ ಒತ್ತಿದ ಜಾಗ ಒರೆಸಿ.

ಸ್ಪೇಸರನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ಅದ್ದಿ ತೆಗೆದು, ಉಜ್ಜದೆ, ಒರೆಸದೆ ಗಾಳಿಯಲ್ಲಿ ಒಣಗಿಸಿ. ಬಟ್ಟೆಯಲ್ಲಿ ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಅಂಶ ಬಂದು ಔಷಧ ಅಂಟಿಕೊಳ್ಳುತ್ತದೆ. ಬಾಚಣಿಗೆಗೆ ಕಾಗದದ ಚೂರು ಅಂಟುವ ಆಟದ ಹಾಗೆಯೇ.

ಮನೆಯ ಹೊಗೆಯ ವಿಷಯದಲ್ಲಿ ಮಾತ್ರ ಅಕ್ಕನೂ ಅಜ್ಜಿಯೂ ತಮ್ಮನಿಗಾಗಿ ಬಿಟ್ಟುಕೊಡಬೇಕು. ಸೊಳ್ಳೆ ಬತ್ತಿ ಬೇಡ, ಪರದೆ ಕಟ್ಟಿ. ಎಣ್ಣೆ ಸ್ನಾನದ ಬಳಿಕದ ಸಾಂಬ್ರಾಣಿ, ದೇವರ ಮನೆಯ ಊದುಬತ್ತಿ ಅವನು ಹೊರಗಿದ್ದಾಗ, ಕಿಟಕಿ ತೆರೆದು. ಒಣಮೆಣಸಿನಕಾಯಿ ಹುರಿಯುವುದೂ ಹಾಗೆ. ಕಾಯಿಲೆ ದೊಡ್ಡದಿರುವ ಮಗುವಿಗಾಗಿ ಚಿಕ್ಕವನು ಯಾವಾಗಲೂ ಹೊಂದಿಕೊಳ್ಳುತ್ತಿರುತ್ತಾನೆ. ಅವನಿಗಾಗಿಯೂ ಮನೆ ಬದಲಾಗುತ್ತದೆ ಎಂದು ಕಣ್ಣಿಗೆ ಕಾಣುವುದು ಇಂಥದ್ದರಲ್ಲೇ.

ಜ್ವರದ ಸಿರಪ್ಪಿನ ಲೆಕ್ಕ

ಇಬ್ಬರಿಗೂ ಒಟ್ಟಿಗೆ ಜ್ವರ ಬಂದ ರಾತ್ರಿ ತಪ್ಪಾಗುವುದು ಇಲ್ಲಿ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕೆಜಿಗೆ 15 ಮಿಗ್ರಾಂ. ತಮ್ಮನಿಗೆ 225 ಮಿಗ್ರಾಂ, ಅಕ್ಕನಿಗೆ 330. ಆದರೆ 5 ಮಿಲಿಯಲ್ಲಿ 120 ಮಿಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. 120ರ ಬಾಟಲಿಯಲ್ಲಿ ತಮ್ಮನಿಗೆ ಸುಮಾರು 9.4 ಮಿಲಿ. ಅದೇ ಅಳತೆಯನ್ನು 250ರ ಬಾಟಲಿಯಿಂದ ಕೊಟ್ಟರೆ ಎರಡು ಪಟ್ಟು ಮೀರುತ್ತದೆ. ಆದ್ದರಿಂದ ಮನೆಯಲ್ಲಿ 250ರ ಬಾಟಲಿ ಒಂದೇ ಇರಲಿ. ತಮ್ಮನಿಗೆ 4.5 ಮಿಲಿ, ಅಕ್ಕನಿಗೆ 6.6 ಎಂದು ಅದರ ಮೇಲೇ ಬರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ತೂಕ ಬದಲಾದಂತೆ ಅಂಕಿ ತಿದ್ದಿ. ಐಬುಪ್ರೊಫೆನ್ ಬೆರೆತ ಸಿರಪ್ಪು ಈ ಮನೆಗೇ ಬೇಡ: ಡಿಫೆರಾಸಿರಾಕ್ಸ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ, ಅಸ್ತಮಾ ಇರುವ ಕೆಲವರಿಗೆ ಉಸಿರು ಕಟ್ಟುತ್ತದೆ.

ಶಾಲೆ, ಬಸ್ಸು, ಕಾಗದ

ರಕ್ತ ಹಾಕಿಸುವ ಮೊದಲಿನ ನಾಲ್ಕೈದು ದಿನ ಅಕ್ಕ ಮಂಕಾಗಿರುತ್ತಾಳೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಡೇ ಕೇರಿಗೆ ಫೋನ್ ಮಾಡಿ, ಪರೀಕ್ಷೆಗೆ ಎರಡು ಮೂರು ದಿನ ಮೊದಲು ಬೀಳುವಂತೆ ದಿನ ಕೇಳಿ. ಏಪ್ರಿಲ್–ಮೇನಲ್ಲಿ ಕಾಲೇಜುಗಳಿಗೆ ರಜೆ, ರಕ್ತದಾನ ಶಿಬಿರಗಳೂ ಕಡಿಮೆ, ಬ್ಯಾಂಕಿನಲ್ಲಿ ಕೊರತೆ ಬರುತ್ತದೆ. ಆ ಎರಡು ತಿಂಗಳಿಗೆ ದಾನಿಗಳನ್ನು ಯುಗಾದಿಗೆ ಮುಂಚೆಯೇ ಹೊಂದಿಸಿಕೊಳ್ಳಿ. ಅಪ್ಪ, ಚಿಕ್ಕಪ್ಪ ರಕ್ತ ಕೊಡಲಿ, ಆದರೆ ಅದು ಬ್ಯಾಂಕಿಗೆ. ಮುಂದೆ ಅಸ್ಥಿಮಜ್ಜೆ ಕಸಿ ಮಾಡಿಸುವ ಸಾಧ್ಯತೆ ಇರುವ ಮಗುವಿಗೆ ಹತ್ತಿರದ ರಕ್ತಸಂಬಂಧಿಗಳ ರಕ್ತ ಹಾಕಬಾರದು.

ಥಲಸ್ಸೇಮಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಪದೇ ಪದೇ ರಕ್ತ ಬೇಕಾದವರಿಗೆ ರಕ್ತವನ್ನು ಶುಲ್ಕವಿಲ್ಲದೆ ಕೊಡಬೇಕೆಂಬ ಸೂಚನೆ ಬ್ಲಡ್ ಬ್ಯಾಂಕುಗಳಿಗೆ ಇದೆ, ಕೌಂಟರಿನಲ್ಲಿ ಥಲಸ್ಸೇಮಿಯಾ ಕಾರ್ಡು ಮೊದಲು ತೋರಿಸಿ. ಊರಿಂದ ಬರುವ ಅಮ್ಮಂದಿರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸು ಉಚಿತ, ಆಧಾರ್ ಮರೆಯಬೇಡಿ. ತಮ್ಮನ ತಪಾಸಣೆಯನ್ನು ಅದೇ ದಿನಕ್ಕೆ ಹೊಂದಿಸಿ ಒಂದೇ ಪ್ರಯಾಣದಲ್ಲಿ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಕೈಗೂಡುವುದು ಕಡಿಮೆ. ಎರಡು ಕ್ಯೂ, ಒಬ್ಬರೇ ಅಮ್ಮ, ಕೊನೆಗೆ ತಪ್ಪುವುದು ತಮ್ಮನ ಡಾಕ್ಟರೇ. ಸ್ಯಾಂಪಲ್ ಕೊಡುವ ದಿನಕ್ಕೆ ಅವನದನ್ನು ಇಟ್ಟುಕೊಂಡರೆ ಸುಲಭ.

ತಮ್ಮನ ಮಜ್ಜೆ ಹೊಂದುತ್ತದೆಯೇ

ಎಚ್‌ಎಲ್‌ಎ ಪರೀಕ್ಷೆಯ (ಅಸ್ಥಿಮಜ್ಜೆ ಕಸಿಗೆ ಒಬ್ಬರದು ಇನ್ನೊಬ್ಬರಿಗೆ ಹೊಂದುತ್ತದೆಯೇ ಎಂದು ನೋಡುವುದು) ಮಾತು ಒಂದು ದಿನ ಬಂದೇ ಬರುತ್ತದೆ. ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೆ ಕಸಿಯ ವೆಚ್ಚಕ್ಕೆ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷ ರೂಪಾಯಿವರೆಗೆ ನೆರವಿದೆ. ಪರೀಕ್ಷೆಗೆ ಮೊದಲೇ ಚಿಕ್ಕವನಿಗೆ ಹೇಳಿಡಿ: ‘ನಿಂದು ಹೊಂದಬಹುದು, ಹೊಂದದೇ ಇರಬಹುದು. ಕಣ್ಣಿನ ಬಣ್ಣದ ಹಾಗೆ ಅದು ಹುಟ್ಟುವಾಗಲೇ ಬಂದಿರೋದು, ನೀನು ಮಾಡಿದ್ದಲ್ಲ ಪುಟ್ಟ.’ ಫಲಿತಾಂಶ ಬರುವ ಮೊದಲು ‘ಅಕ್ಕನ್ನ ಉಳಿಸೋನು ನೀನೇ’ ಎಂದು ನೆಂಟರು ಯಾರೂ ಆಡದಂತೆ ನೋಡಿಕೊಳ್ಳಿ. ಹೊಂದದಿದ್ದಾಗ ಆ ಮಾತು ಅವನ ಬೆನ್ನು ಬಿಡುವುದಿಲ್ಲ. ಹೊಂದಿದರೂ ಅವನ ಅಸ್ತಮಾ ಹಿಡಿತದಲ್ಲಿದೆಯೇ ಎಂದು ಅರಿವಳಿಕೆಯ ಡಾಕ್ಟರ್ ಕೇಳುತ್ತಾರೆ, ಆ ಚಿಕ್ಕ ನೋಟ್‌ಬುಕ್ಕು ಅಲ್ಲಿ ಬೇಕು.

ಇಬ್ಬರಿಗೂ ಒಟ್ಟಿಗೆ ಬಂದರೆ

ಅಕ್ಕ ಡೇ ಕೇರಿನಲ್ಲಿದ್ದಾಗಲೇ ತಮ್ಮನಿಗೆ ಉಸಿರು ಕಟ್ಟಿದರೆ ಯಾರು ಏನು ಮಾಡಬೇಕು ಎಂಬುದನ್ನು ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆಯಲ್ಲಿ ಅಂಟಿಸಿ. ನೀಲಿ ಪಂಪು ಎಷ್ಟು ಪಫ್ಫು, ಎಷ್ಟು ನಿಮಿಷಕ್ಕೊಮ್ಮೆ ಎಂದು ಡಾಕ್ಟರ ಕೈಯಲ್ಲೇ ಬರೆಸಿರಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ: ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯುತ್ತಿದೆ, ಒಂದು ವಾಕ್ಯ ಪೂರ್ತಿ ಆಡಲಾಗುತ್ತಿಲ್ಲ, ತುಟಿ ನೀಲಿಯಾಗಿದೆ, ಇವುಗಳಲ್ಲಿ ಒಂದಿದ್ದರೂ ಪಂಪು ಕೊಡುತ್ತಲೇ 108. ಆ ಹಾಳೆ ಓದಬೇಕಾದವರು ನೀವಲ್ಲ, ಪಕ್ಕದ ಮನೆಯ ಆಂಟಿ, ಅಥವಾ ಚಿಕ್ಕಮ್ಮ. ಹಾಗಾಗಿ ಒಮ್ಮೆ ಅವರನ್ನು ಕೂರಿಸಿಕೊಂಡು, ಗೊಂಬೆಗೆ ಮಾಸ್ಕ್ ಹಾಕಿಸಿ, ಪಂಪು ಕುಲುಕಿಸಿ, ಉಸಿರು ಎಣಿಸಿ ಮಾಡಿಸಿ ನೋಡಿ. ಎಣಿಸುವ ಕೆಲಸ ತಮ್ಮನಿಗೇ ಕೊಡಿ, ಅವನಿಗೆ ಅದು ಅವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.